ಅವನಿಗೆ ಹೇಗೆ ಗೊತ್ತಾಯಿತು

ನಮ್ಮಣ್ಣ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದ, ಆಮೇಲೆ ಮನುಷ್ಯರನ್ನು. ಹೊಸ್ತಿಲು ದಾಟಿದವನೇ ಬಾಗಿಲ ಪಕ್ಕದ ಗೋಡೆಗೆ ಬೆರಳಿನ ಗೆಣ್ಣಿನಿಂದ ಬಡಿದು, ಕತ್ತು ವಾಲಿಸಿ ಕೇಳಿ, ಸಮಾಧಾನವಾದರೆ "ಆರಾಮ ಇದ್ದೀರೇನ್ರಿ?" ಅನ್ನುತ್ತಿದ್ದ. ನನಗೆ ಗಂಡು ನೋಡಲು ಹೋದ ಮನೆಯಲ್ಲೂ ಹಾಗೇ ಮಾಡಿದನಂತೆ. ನನ್ನ ಮಾವ ನಕ್ಕು, "ಏನಪಾ, ಹುಡುಗನ್ನ ನೋಡಾಕ ಬಂದೀಯೋ, ಮನಿ ಖರೀದಿ ಮಾಡಾಕ ಬಂದೀಯೋ?" ಎಂದು ಕೇಳಿದರಂತೆ. "ಎರಡೂ ಗಟ್ಟಿ ಇರಬೇಕಲ್ರಿ. ಹುಡುಗನ್ನ ಬಡದು ನೋಡಿದ್ರ ಚಲೋ ಕಾಣೂದಿಲ್ಲ, ಅದಕ್ಕ ಗ್ವಾಡಿ ಬಡದೆ" ಎಂದನಂತೆ ಇವನು.

ಅವನು ತೀರಿಕೊಂಡದ್ದು ಈ ಬೇಸಿಗೆಯಲ್ಲಿ. ನಾನು ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟವಳು, ಅಕ್ಷರ ಕೂಡಿಸಿ ಬರೆಯುವುದು ನನಗೆ ನಿಧಾನದ ಕೆಲಸ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಇಳಕಲ್ಲಿನಲ್ಲಿ ಅವನ ಬಗ್ಗೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅದರ ಉತ್ತರ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು. ಇಬ್ಬರೂ ಹೇಳಲಿಲ್ಲ. ಅವನು ನನ್ನ ಸಲುವಾಗಿ ಹೇಳಲಿಲ್ಲ. ನಾನೂ ನನ್ನ ಸಲುವಾಗಿಯೇ ಹೇಳಲಿಲ್ಲ.

ಅವನ ಕೆಲಸ ಊರ ಹೊರಗಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಮದ್ದು ಹಾಕುವುದು. ನಮ್ಮ ಕಡೆಯ ಕಲ್ಲು ದೂರದೂರಿಗೆ ಹೋಗಿ ದೊಡ್ಡವರ ಮನೆಯ ನೆಲಕ್ಕೆ ಹಾಸಾಗುತ್ತದೆ. ಪುಡಿಯಾದರೆ ಅದಕ್ಕೆ ಬೆಲೆ ಇಲ್ಲ, ಹೀಗಾಗಿ ಮದ್ದು ಬಹಳ ಸಣ್ಣಗೆ ಹಾಕಬೇಕು, ಬಂಡೆ ತನ್ನ ಪಾಡಿಗೆ ತಾನು ಬಿಟ್ಟುಕೊಳ್ಳಬೇಕು. "ಕಲ್ಲಿಗೆ ಎಚ್ಚರ ಆಗಬಾರದು, ಅಷ್ಟರಾಗ ಅದು ಎರಡಾಗಿರಬೇಕು" ಅನ್ನುತ್ತಿದ್ದ. ಜಾಸ್ತಿ ಮದ್ದು ಹಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಅಂವ ಅಂಜುಬುರಕ. ಕಲ್ಲಿಗೆ ಅಂಜ್ಯಾನ, ಅದಕ್ಕ ಹೆಚ್ಚಿಗಿ ಹಾಕ್ಯಾನ" ಎಂದು ಬೈಯುತ್ತಿದ್ದ.

ಮದ್ದು ಮುಟ್ಟಿದ ದಿನ ಅವನಿಗೆ ತಲೆ ಸಿಡಿಯುತ್ತಿತ್ತು. ಹಣೆಗೆ ಟಾವೆಲ್ ಬಿಗಿದುಕೊಂಡು ಬಂದು ನನ್ನ ಮಗ್ಗದ ಪಕ್ಕ ನೆಲದ ಮೇಲೆ ಮಲಗುತ್ತಿದ್ದ. "ಮಗ್ಗ ನಿಲ್ಲಸ್ಲೇನಣ್ಣಾ?" ಎಂದರೆ, "ಬ್ಯಾಡ, ಅದ್ರ ಸಪ್ಪಳಕ್ಕ ತಲಿನೋವು ದಾರಿ ತಪ್ಪತೈತಿ" ಅನ್ನುವನು. ಅಕ್ಕಪಕ್ಕದ ಮನೆಯ ಕೂಸನ್ನು ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. ಇನ್ನೊಂದು ತಮಾಷೆಯೆಂದರೆ, ಅಷ್ಟು ಮದ್ದು ಹಾರಿಸಿದವನಿಗೆ ದೀಪಾವಳಿಯ ಪಟಾಕಿ ಕಂಡರೆ ಭಯ. ಹಬ್ಬದ ದಿನ ಒಳಗಿನ ಕೋಣೆಯಲ್ಲಿ ಕಿವಿಗೆ ಅರಳೆ ಇಟ್ಟುಕೊಂಡು ಕೂಡುತ್ತಿದ್ದ. ಓಣಿಯವರು ಬಂದು ಚೇಷ್ಟೆ ಮಾಡಿದರೆ, "ನಾ ಹಾರಸೂ ಮುಂದ ಸೀಟಿ ಹೊಡೀತೇನಿ. ಇವು ಹೇಳ್ದ ಕೇಳ್ದ ಹಾರತಾವ. ಇವುಕ್ಕ ರಿವಾಜ ಇಲ್ಲ" ಅಂದುಬಿಡುತ್ತಿದ್ದ.

ಸೀಟಿ ಅವನ ಕೊರಳಲ್ಲಿ ಯಾವಾಗಲೂ ಇರುತ್ತಿತ್ತು, ಕರೀ ದಾರದಲ್ಲಿ. ಅದನ್ನು ಊದಿದ ಮೇಲೆ ಕ್ವಾರಿಯಲ್ಲಿ ಒಂದು ನಾಯಿಯೂ ಉಳಿದಿಲ್ಲವೆಂದು ಖಾತ್ರಿಯಾದರೇನೇ ಬತ್ತಿಗೆ ಬೆಂಕಿ. ಅವನ ಕೈಕೆಳಗೆ ಒಬ್ಬ ಮನುಷ್ಯನಿಗೂ ಏನೂ ಆಗಿರಲಿಲ್ಲ. ಅದೊಂದೇ ಮಾತಿನಲ್ಲಿ ಅವನಿಗೆ ಸ್ವಲ್ಪ ಜಂಬ ಇತ್ತು.

ಅವನು ಮದುವೆಯಾಗಲಿಲ್ಲ. "ಮದ್ದಿನಾಂವಗ ಹೆಣ್ಣ ಯಾರ ಕೊಡ್ತಾರ, ಕುಂಕುಮದ ಭರೋಸಾ ಇಲ್ಲ" ಎಂದು ನಗುತ್ತಿದ್ದ. ಕೊನೆಗೆ ಆ ಭರೋಸಾ ಹೋದದ್ದು ನನ್ನದು. ಗಂಡ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಮಗ್ಗ ಸಮೇತ ತನ್ನ ಹತ್ತಿರಕ್ಕೆ ಕರೆತಂದು, ತನ್ನ ಕ್ವಾರಿಯ ಸಾವಕಾರರದೇ ಒಂದು ಹಳೇ ಕಟ್ಟಡದ ಕೆಳಗಿನ ಕೋಣೆಯನ್ನು ಬಾಡಿಗೆಗೆ ಹಿಡಿದುಕೊಟ್ಟ. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಕಟ್ಟಡ ಅದು. ಕೆಳಗೆಲ್ಲ ನೇಕಾರರ ಮನೆಗಳು, ಮೇಲೆ ಸಾವಕಾರರ ಗೋದಾಮು. ಪಕ್ಕದ ಕೋಣೆಯಲ್ಲಿ ಮಲ್ಲಪ್ಪಣ್ಣ ಮತ್ತು ಶಂಕ್ರವ್ವಕ್ಕ ಇದ್ದರು. ಮಲ್ಲಪ್ಪಣ್ಣ ಅಣ್ಣನ ಸಾಲೆ ಗೆಳೆಯ. ಇಬ್ಬರೂ ಸಂಜೆ ಕಟ್ಟೆಯ ಮೇಲೆ ಕುಳಿತು ಒಬ್ಬರ ಕೆಲಸವನ್ನೊಬ್ಬರು ಹೀಯಾಳಿಸುತ್ತಿದ್ದರು. "ನಿಂದೇನಲೇ, ಒಂದ ಸೀರಿಗೆ ವಾರಗಟ್ಲೆ" ಎಂದು ಇವನಂದರೆ, "ನಿಂದೇನಲೇ, ದೇವರು ಮಾಡಿದ್ದನ್ನ ಕೆಡಸೂ ಕಸಬು" ಎಂದು ಅವನು.

ನನ್ನ ಕೋಣೆಯಲ್ಲಿ ಬೆಳಕು ಕಡಿಮೆ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವುದು. ಕುಣಿ ಮೊದಲು ಕೋಣೆಯ ನಡುವೆ ಇತ್ತು. ವಯಸ್ಸಾದಂತೆ ಕಣ್ಣು ಮಂಜಾಗಿ, ಅಂಚಿನ ಎಳೆ ತಪ್ಪತೊಡಗಿದವು. ಕುಣಿಯನ್ನು ಕಿಟಕಿಯ ಕೆಳಗೆ, ಗೋಡೆಗೆ ಹತ್ತಿಸಿ ತೋಡಬೇಕೆಂದು ನಾನು ಹೇಳಿದಾಗ ಅಣ್ಣ ಒಪ್ಪಲಿಲ್ಲ.

"ಗ್ವಾಡಿ ಬುಡಕ ತೋಡಬ್ಯಾಡ ತಂಗಿ. ಪಾಯಾ ಆಳ ಇಲ್ಲ ಇದ್ರದು."

"ಎಲ್ಲಾರ ಮನ್ಯಾಗೂ ಖಿಡಕಿ ಕೆಳಗ ಐತಿ."

"ಎಲ್ಲಾರೂ ಒಂದ ಮೊಳ ಬಿಟ್ಟು ತೋಡ್ಯಾರ. ನಿನ್ನ ಖಿಡಕಿ ಸಣ್ಣದು. ನೀ ಮೊಳ ಬಿಟ್ರ ಬೆಳಕ ಸಿಗೂದಿಲ್ಲ, ಬಿಡದಿದ್ರ ಗ್ವಾಡಿ ಉಳಿಯೂದಿಲ್ಲ."

"ಹಂಗಾರ ಕುಲ್ಡಿ ಆಗ್ಲೇನ?"

ಅವನು ಟ್ಯೂಬ್‌ಲೈಟು ತಂದು ಹಾಕಿಸಿದ. ಕರೆಂಟು ಇದ್ದರೆ ಬೆಳಕು, ಇಲ್ಲದಿದ್ದರೆ ಇಲ್ಲ. ಅವನು ಕ್ವಾರಿಯ ಕೆಲಸದ ಮೇಲೆ ಊರಲ್ಲಿ ಇಲ್ಲದ ವಾರ ನೋಡಿ ನಾನು ಆಳು ಕರೆಸಿ ಗೋಡೆಯ ಬುಡಕ್ಕೇ ಕುಣಿ ತೋಡಿಸಿದೆ. ಅವನು ಬಂದಾಗ ಮಗ್ಗ ಹೂಡಿ ಆಗಿತ್ತು, ಸೀರೆ ಅರ್ಧಕ್ಕೆ ಬಂದಿತ್ತು. ಕುಣಿಯನ್ನು ನೋಡಿದ, ನನ್ನನ್ನು ನೋಡಿದ. "ಬೆಳಕ ಚಲೋ ಬಂದೈತಿ" ಅಂದ. ಅಷ್ಟೇ. ತಂಗಿಯ ಮೇಲೆ ಸಿಟ್ಟು ಬಂದರೆ ಅವನು ಆ ದಿನ ಊಟಕ್ಕೆ ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ಅವತ್ತು ಕೇಳಲಿಲ್ಲ.

ಅವನಿಗೆ ಗೊತ್ತಿಲ್ಲದ ಇನ್ನೊಂದು ಕೆಲಸವನ್ನು ನಾನು ಮಾಡುತ್ತಿದ್ದೆ. ಬೇಸಿಗೆಯ ಒಣಗಾಳಿಗೆ ನೂಲು ಗರಿಗರಿಯಾಗಿ ಪಟಪಟ ಹರಿಯುತ್ತದೆ. ಅದಕ್ಕೆ ನೇಕಾರರು ಕುಣಿಯಲ್ಲಿ ನೀರು ಚಿಮುಕಿಸಿ ತಂಪು ಇಡುತ್ತಾರೆ, ಎಳೆ ಮೆತ್ತಗಾಗುತ್ತದೆ. ಆ ವರ್ಷ ಬಿಸಿಲು ವಿಪರೀತ. ಚಿಮುಕಿಸುವುದು ಸಾಲದೆ ನಾನು ಕೊಡದಿಂದಲೇ ಸುರಿಯುತ್ತಿದ್ದೆ. ಸುರಿದ ನೀರು ಸಂಜೆಯೊಳಗೆ ಇಂಗಿ ಹೋಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚನೆ ಮಾಡಲಿಲ್ಲ. ಎಳೆ ಹರಿಯುತ್ತಿಲ್ಲವಲ್ಲ, ಅಷ್ಟೇ ಸಾಕಾಗಿತ್ತು.

ಅದೇ ದಿನಗಳಲ್ಲಿ ಸಾವಕಾರರು ಎಲ್ಲರಿಗೂ ಮನೆ ಬಿಡಲು ಹೇಳಿದ್ದರು. ಆ ಜಾಗದಲ್ಲಿ ಅಂಗಡಿ ಸಾಲು ಕಟ್ಟಿಸುವ ವಿಚಾರ ಅವರದು. ಯಾರೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು, "ನೀವಾಗೇ ಹೋಗದಿದ್ರ ಕಟ್ಟಡಾನ ನಿಮ್ಮನ್ನ ಹೊರಗ ಹಾಕತೈತಿ" ಎಂದು ಅವರು ಓಣಿಯಲ್ಲಿ ನಿಂತು ಅಂದದ್ದನ್ನು ಎಲ್ಲರೂ ಕೇಳಿದ್ದರು.

ಆಮೇಲೆ ಆ ಮಧ್ಯಾಹ್ನ ಬಂತು. ಅಣ್ಣ ಊಟಕ್ಕೆ ಬಂದ. ಎಂದಿನಂತೆ ಗೋಡೆಗೆ ಬಡಿದ. ಕತ್ತು ವಾಲಿಸಿದ. ಮತ್ತೆ ಬಡಿದ, ಈ ಸಲ ಕೆಳಗೆ. ಚಪ್ಪಲಿಯನ್ನೂ ಬಿಡದೆ ಕುಣಿಗೆ ಇಳಿದು, ಗೋಡೆಯ ಕಡೆಯ ಮಣ್ಣಿಗೆ ಅಂಗೈ ಒತ್ತಿದ. ಕೈ ಒಳಗೆ ಹೋಯಿತು. ಮುಷ್ಟಿ ತುಂಬ ರಾಡಿಯನ್ನು ಹಿಡಿದು ಮೇಲೆ ತಂದ.

"ನೀರ ಹಾಕೀ ಏನ?"

"ಎಳಿ ಹರಿತಿದ್ವು" ಅಂದೆ.

ಗೋಡೆಯೊಳಗೆ ಎಲ್ಲೋ ಮಣ್ಣು ಉದುರುವ ಸಣ್ಣ ಸಪ್ಪಳ ನನಗೂ ಕೇಳಿಸಿತು, ಮೊರದಲ್ಲಿ ಜೋಳ ಕೇರಿದ ಹಾಗೆ. ಅಣ್ಣ ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದ. ಓಣಿಯ ನಡುವೆ ನಿಂತು ಸೀಟಿ ಊದಿದ. "ಹೊರಗ ಬರ್ರಿ! ಎಲ್ಲಾರೂ ಹೊರಗ ಬರ್ರಿ! ಏನೂ ತಗೋಬ್ಯಾಡ್ರಿ!" ಒಂದೊಂದು ಬಾಗಿಲಿಗೂ ಹೋಗಿ ಮುದುಕರನ್ನು ಎತ್ತಿಕೊಂಡು ಬಂದ, ಕೂಸುಗಳನ್ನು ಎಳೆದು ತಂದ. ಕೈ ತೊಳೆದಿರಲಿಲ್ಲ, ರಾಡಿ ಹಾಗೇ ಇತ್ತು. ಜನ ಬೈಯುತ್ತಲೇ ಹೊರಗೆ ಬಂದರು. ಎಲ್ಲರೂ ಬಂದ ಮೇಲೆ ಮಲ್ಲಪ್ಪಣ್ಣ, "ಸೀರಿ ಮುಗ್ಯಾಕ ಬಂದೈತಲೇ, ಕೊಯ್ಕೊಂಡ ಬರ್ತೇನಿ" ಎಂದು ಅಣ್ಣನ ಕೈ ಕೊಸರಿಕೊಂಡು ಒಳಗೆ ಓಡಿದ. ನೇಕಾರನ ಬುದ್ಧಿಯೇ ಅದು. ಮನೆಗಿಂತ ಮೊದಲು ಮಗ್ಗದ ಮೇಲಿನ ಸೀರೆ.

ಕಟ್ಟಡ ನಿಂತಲ್ಲೇ ಕುಸಿದು ಕುಳಿತಿತು. ಈ ಕಡೆಗೂ ವಾಲಲಿಲ್ಲ, ಆ ಕಡೆಗೂ ವಾಲಲಿಲ್ಲ. ಧೂಳು ಇಳಿದ ಮೇಲೆ ಅಣ್ಣನೇ ಕಲ್ಲು ಸರಿಸಿ ಮಲ್ಲಪ್ಪಣ್ಣನನ್ನು ಹೊರಗೆ ತೆಗೆದ. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಲಾಳಿ ಎಸೆಯುವ ಕೈ ಅದು.

ಸಾವಕಾರರು ಜೆಸಿಬಿ ತಂದು ಎರಡು ಮೂರು ದಿನದಲ್ಲೇ ಕಲ್ಲು ಮಣ್ಣು ಎಲ್ಲ ಎತ್ತಿಸಿ ನೆಲ ಸಾಪಾಟು ಮಾಡಿಸಿದರು. ನನ್ನ ಕುಣಿಯೂ ಅದರಲ್ಲೇ ಮುಚ್ಚಿಹೋಯಿತು. ಅಷ್ಟು ಗಡಿಬಿಡಿ ಯಾಕೆ ಎಂದು ಜನ ಕೇಳತೊಡಗಿದರು. ಅಲ್ಲಿಂದ ಶುರುವಾಯಿತು ವಾದ.

ನಾನು ಎದುರಿನ ರಾಜಾಸಾಬನ ಚಹಾದಂಗಡಿಯ ಹಿಂದಿನ ಖೋಲಿಗೆ ಬಂದು ಬೇರೊಂದು ಮಗ್ಗ ಹೂಡಿಕೊಂಡಿದ್ದೆ. ನಡುವೆ ತಗಡಿನ ಗೋಡೆ. ಆಡಿದ ಮಾತೆಲ್ಲ ನನ್ನ ಮಗ್ಗದ ಮೇಲೇ ಬಂದು ಬೀಳುತ್ತಿತ್ತು. ಮೋಟಾರು ರಿಪೇರಿಯ ಈರಣ್ಣ ದಿನಾ ಫೋನು ಹಿಡಿದು ಬರುತ್ತಿದ್ದ.

"ನೋಡ್ರಿಲ್ಲೆ. ಇದು ಪರದೇಶದ ಕಟ್ಟಡ, ಮದ್ದಿಟ್ಟು ಕೆಡವಿದ್ದು. ಹೆಂಗ ಕುಂತ್ಕೊಂತು ನೋಡ್ರಿ, ಮದುವ್ಯಾಗ ಮುದುಕಿ ಕುಂತಂಗ. ನಮ್ದೂ ಹಿಂಗ ಕುಂತಿಲ್ಲೇನ್ರಿ? ತಾನಾಗೇ ಬೀಳೂದು ಒಂದ ಕಡಿಗೆ ಬೀಳತೈತಿ."

"ಮದ್ದ ಹಾರಿದ್ರ ಮೊದಲ ಸಪ್ಪಳ ಬರಬೇಕಲ್ಲೋ" ಅನ್ನುತ್ತಿದ್ದ ರಾಜಾಸಾಬ. "ನಾ ಇಲ್ಲೇ ನಿಂತಿದ್ದೆ. ಮೊದಲ ಧೂಳ ಎದ್ದಿತು, ಆಮ್ಯಾಲ ಸಪ್ಪಳ."

"ನಿನಗ ಸ್ಟೋ ಸಪ್ಪಳದಾಗ ಗಿರಾಕಿ ಕರದದ್ದ ಕೇಳ್ಸೂದಿಲ್ಲ. ಧಡ್ ಅಂದದ್ದ ಇಡೀ ಓಣಿ ಕೇಳೇತಿ."

"ದಿನಾ ಆ ಹೊತ್ತಿಗೆ ಬ್ಯಾರೆ ಕ್ವಾರ್ಯಾಗ ಧಡ್ ಅಂತೈತಿ. ಅದನ್ನ ಕೇಳೀರಿ ನೀವು. ಮತ್ತ ಸಾವಕಾರ್ರು ಮ್ಯಾಲ ಕಲ್ಲಿನ ಹಲಗಿ ಒಟ್ಟಿದ್ರು, ಅದನ್ಯಾಕ ಹೇಳವಲ್ಲಿ? ಅದ್ರ ವಜ್ಜಿಗೆ ಬಿತ್ತು."

ಸಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು, "ಹಳೇ ಕಟ್ಟಡ, ವಯಸ್ಸಾಗಿತ್ತು, ಬಿತ್ತು" ಅನ್ನುತ್ತಿದ್ದರು. "ವಯಸ್ಸಾದದ್ದೆಲ್ಲಾ ಬೀಳತೈತಿ ಅಂದ್ರ, ಮಾಸ್ತರ, ನೀವಿನ್ನೂ ನಿಂತೀರಲ್ರಿ?" ಎಂದು ಈರಣ್ಣ ಅಂದರೆ ಎಲ್ಲರೂ ನಗುವರು. ನಗು ಮುಗಿದ ಮೇಲೆ ಯಾರಾದರೂ ಒಬ್ಬರು ಆ ಮಾತು ತೆಗೆಯದೆ ಬಿಡುತ್ತಿರಲಿಲ್ಲ.

"ಅದೆಲ್ಲಾ ಇರ್ಲಿ. ಬೀಳೂದಕ್ಕ ಮೊದಲ ಅಂವ ಸೀಟಿ ಹೊಡದಾನ, ಹೌದಿಲ್ಲೋ? ಮದ್ದಿನಾಂವ. ಸಾವಕಾರ್ರ ಕ್ವಾರ್ಯಾಂವ. ಅವಗ ಹೆಂಗ ಗೊತ್ತಾತು?"

ಆಗ ಎಲ್ಲರೂ ಸುಮ್ಮನಾಗುತ್ತಿದ್ದರು. ತಗಡಿನ ಈಚೆ ನನ್ನ ಕೈಯೂ ನಿಲ್ಲುತ್ತಿತ್ತು. ಮಗ್ಗ ನಿಂತದ್ದು ಅವರಿಗೆ ಕೇಳಿಸೀತೆಂದು ಹೆದರಿ, ಎಳೆ ಹಾಕದೆ ಬರೀ ಮಗ್ಗ ಬಡಿಯುತ್ತಿದ್ದೆ. ಎಷ್ಟೋ ಸಲ ಹಾಗೆ ಬಡಿದು ಸೀರೆ ಕೆಡಿಸಿದ್ದೇನೆ.

ಅಷ್ಟೂ ಜನರ ಜೀವ ಉಳಿಸಿದ್ದೇ ಅವನ ಮೇಲಿನ ಗುಮಾನಿಗೆ ಮೂಲವಾಯಿತು. ಓಣಿಯ ಹಿರಿಯರು ಗುಡಿಯ ಅಂಗಳದಲ್ಲಿ ಅವನನ್ನು ಕೂಡಿಸಿ ಕೇಳಿದರು. ಹೆಂಗಸರು ಒಂದು ಕಡೆ ನಿಂತಿದ್ದೆವು. ಶಂಕ್ರವ್ವಕ್ಕ ಮುಂದೆ ಹೋಗಿ ಅವನ ಅಂಗಿ ಹಿಡಿದಳು.

"ನನ್ನ ಗಂಡನ ಕೈ ಹೋಗೇತಿ. ನಿನ್ನ ಗೆಳ್ಯಾನಲ್ಲ ಅಂವ? ಹೇಳು, ಬೀಳೂದು ನಿನಗ ಹೆಂಗ ಗೊತ್ತಾತು?"

"ಗೊತ್ತಾತವ್ವಾ, ಅಷ್ಟ" ಅಂದ ಅಣ್ಣ.

"ಅಷ್ಟ ಅಂದ್ರ?"

"ಕಲ್ಲಿನ ಕೆಲಸದಾಂವ. ಗೊತ್ತಾಗತೈತಿ."

ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ಅಂದುಕೊಂಡು ಬಂದಿದ್ದೇನೆ. ಅದೂ ಸುಳ್ಳೇ ಇರಬೇಕು. ಹೇಳುವವಳಿಗೆ ಯಾರ ನೋಟವೂ ಬೇಕಾಗಿರಲಿಲ್ಲ. ಕುಣಿಯ ಮಾತು ಬಾಯಿಬಿಟ್ಟರೆ ಮಲ್ಲಪ್ಪಣ್ಣನ ಕೈ ನನ್ನ ಲೆಕ್ಕಕ್ಕೆ ಬರುತ್ತದೆ, ಈ ಓಣಿಯಲ್ಲಿ ನನಗೆ ಯಾರು ನೀರು ಕೊಡುತ್ತಾರೆ ಎಂದು ಎಣಿಸಿದೆ. ಅಣ್ಣ ಗಂಡಸು, ಹೇಗೋ ತಡೆದುಕೊಳ್ಳುತ್ತಾನೆ ಎಂದು ಎಣಿಸಿದೆ. ನಾಳೆ ಹೇಳಿದರಾಯಿತು ಅಂತಲೂ ಅಂದುಕೊಂಡೆ. ಮಾರನೇ ದಿನ ಪೊಲೀಸರು ಅವನನ್ನು ಕರೆದೊಯ್ದರು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಮದ್ದು ಸಿಕ್ಕಲಿಲ್ಲ, ಸಾಕ್ಷಿ ಸಿಕ್ಕಲಿಲ್ಲ, ಅವನನ್ನು ಬಿಟ್ಟುಕಳಿಸಿದರು. ಆದರೆ ಸಾವಕಾರರು, "ನಾ ಏನೂ ಹೇಳಿಲ್ಲ, ಅಂವ ಏನರ ಮಾಡಿದ್ರ ತನ್ನ ತಲ್ಯಾಗ ಬಂದು ಮಾಡ್ಯಾನ" ಎಂದು ಕೈ ತೊಳೆದುಕೊಂಡು ಅವನನ್ನು ಕ್ವಾರಿಯಿಂದ ತೆಗೆದರು. ಬೇರೆ ಕ್ವಾರಿಯವರೂ ಸೇರಿಸಿಕೊಳ್ಳಲಿಲ್ಲ. ಬಾಗಲಕೋಟೆಯ ನವನಗರದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಕಾವಲುಗಾರನಾಗಿ ಹೋದ. ನಾನು ನೋಡಲು ಹೋದಾಗ ಇಟ್ಟಿಗೆ ರಾಶಿಯ ಪಕ್ಕ ತಗಡಿನ ಗೂಡಿನಲ್ಲಿ ಕುಳಿತಿರುತ್ತಿದ್ದ. ಹೊಸ ಗೋಡೆಗಳಿಗೆ ಬಡಿಯುವ ರೂಢಿ ಹೋಗಿರಲಿಲ್ಲ. "ಇವು ಮಾತ ಆಡೂದಿಲ್ಲ ತಂಗಿ, ಸಿಮೆಂಟಿನ್ವು, ಮೂಕು" ಅನ್ನುತ್ತಿದ್ದ. ಶನಿವಾರ ತುಳಸಿಗೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿ, ಅರ್ಧ ಹೋಳನ್ನು ಯಾರ ಕೈಯಲ್ಲಾದರೂ ಇಳಕಲ್ಲಿಗೆ ನನಗೆ ಕಳಿಸುತ್ತಿದ್ದ. ಅದನ್ನು ತುರಿದು ಚಟ್ನಿ ಮಾಡಿ, ನಾನು ತಿನ್ನದೆ ರಾಜಾಸಾಬನ ಅಂಗಡಿಗೆ ಕೊಟ್ಟುಬಿಡುತ್ತಿದ್ದೆ.

ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೇ ಒಮ್ಮೆ ಮಾತು ತೆಗೆದೆ. ಆಗಲೇ ಅವನ ಎದೆಯಲ್ಲಿ ಕಲ್ಲಿನ ಧೂಳು ಕೂತು, ಉಸಿರು ಎಳೆದುಕೊಳ್ಳುವುದೇ ಕೆಲಸವಾಗಿತ್ತು. ಬಾಗಲಕೋಟೆಯ ದವಾಖಾನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ.

"ಅಣ್ಣಾ, ಆ ಕುಣಿದು ನಾ ಎಲ್ಲಾರಿಗೂ ಹೇಳ್ಲೇನ?"

"ಬಿದ್ದ ಮನಿ ಮಾತ ಬಿಡು. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಆಗೇತಿ."

"ಖರೆ ಕೇಳಾಕತ್ತೇನಿ."

ಉಸಿರು ಎಳೆದುಕೊಂಡು ಹೇಳಿದ. "ಹೇಳಿದ್ರ ನಿನಗ ಬೈತಾರ, ನನಗ ಕೆಲಸ ವಾಪಸ್ ಕೊಡೂದಿಲ್ಲ. ಏನ ಬರತೈತಿ ಅದ್ರಿಂದ?" ಆಮೇಲೆ ಕಿಟಕಿಯ ಕಡೆ ತಿರುಗಿ, "ಮಲ್ಯಾ ಒಮ್ಮಿ ಬಂದ ಮಾತಾಡ್ಸಿದ್ರ ಚಲೋ ಇತ್ತು" ಅಂದ.

ಅವನು ಕೇಳಿದ್ದು ಅದೊಂದನ್ನೇ. ನಾನು ಇಳಕಲ್ಲಿಗೆ ಬಂದು ಮಲ್ಲಪ್ಪಣ್ಣನ ಬಾಗಿಲವರೆಗೂ ಹೋದೆ. "ಅಣ್ಣಗ ಆರಾಮಿಲ್ಲ, ನಿನ್ನ ನೋಡಬೇಕಂತಾನ" ಅಂದೆ. "ನನ್ನ ಕೈ ಹೋದಾಗ ನಾನೂ ಭಾಳ ಜನರನ್ನ ನೋಡಬೇಕಂದೆ" ಅಂದ ಮಲ್ಲಪ್ಪಣ್ಣ. ಅಲ್ಲೇ, ಆ ಹೊಸ್ತಿಲಲ್ಲೇ ನಾನು ಹೇಳಬೇಕಾಗಿತ್ತು. ಒಂದು ಮಾತು ಹೇಳಿದ್ದರೆ ಅವನು ಆ ಸಂಜೆಯ ಬಸ್ಸಿಗೇ ಹೊರಡುತ್ತಿದ್ದ. ನಾನು ಸೆರಗು ಸರಿಮಾಡಿಕೊಂಡು ತಿರುಗಿ ಬಂದೆ. ಅಣ್ಣ ಹೋದ ಸುದ್ದಿ ಬಂದದ್ದು ಅದೇ ವಾರ. ಓಣಿಯಿಂದ ಮಣ್ಣಿಗೆ ಯಾರೂ ಬರಲಿಲ್ಲ.

ಅವನಿದ್ದಾಗ ಬರದ ಓಣಿಯವರು ಅವನು ಸತ್ತ ಮೇಲೆ ನನ್ನ ಖೋಲಿಗೆ ಬಂದರು. ಕಟ್ಟಡವನ್ನು ಸಾವಕಾರರೇ ಮದ್ದಿಡಿಸಿ ಕೆಡವಿಸಿದರು, ಆ ಜಾಗದಲ್ಲಿ ನಮಗೆ ಮನೆ ಕೊಡಬೇಕು ಎಂದು ಹುನಗುಂದದ ಕೋರ್ಟಿನಲ್ಲಿ ಬಾಡಿಗೆದಾರರೆಲ್ಲ ಹಾಕಿದ ದಾವೆ ವರ್ಷಗಳಿಂದ ನಡೆದೇ ಇತ್ತು. ಈಗ ವಕೀಲರು ಒಂದು ದಾರಿ ತೋರಿಸಿದ್ದರು. ಅದನ್ನು ಹೇಳಿದ್ದು ಶಂಕ್ರವ್ವಕ್ಕ.

"ನೀ ಒಂದ ಮಾತ ಹೇಳಬೇಕು, ತಂಗಿ. ದವಾಖಾನ್ಯಾಗ ಸಾಯೂ ಮುಂದ ನಿಮ್ಮಣ್ಣ ನಿನ್ನ ಮುಂದ ಒಪ್ಪಿದ್ದ, ಸಾವಕಾರ್ರು ಹೇಳಿದ್ರು, ನಾ ಇಟ್ಟೆ ಅಂತ. ಅಷ್ಟ ಸಾಕು."

"ಅಂವ ಹಂಗ ಹೇಳಿಲ್ಲ, ಅಕ್ಕ."

"ಹೇಳ್ದಿದ್ರೇನ, ಮಾಡ್ಯಾನಲ್ಲ? ಸತ್ತಾಂವಗ ಏನ ಜೇಲ ಆಗತೈತೇನ? ಇಷ್ಟ ಮನಿತನ ನೆಲಿ ಹತ್ತತಾವ. ನಿನಗೂ ಒಂದ ಖೋಲಿ ಬರತೈತಿ, ದೊಡ್ಡ ಖಿಡಕಿ ಇರೂದು."

ಮಲ್ಲಪ್ಪಣ್ಣ ಮೂಲೆಯಲ್ಲಿ ಅಂಗಿಯ ಖಾಲಿ ತೋಳನ್ನು ಮಡಿಚಿಟ್ಟುಕೊಂಡು ಕುಳಿತಿದ್ದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದನ್ನು ಅವರು ಒಪ್ಪಿಗೆ ಅಂದುಕೊಂಡರು. ಕೋರ್ಟಿನ ತಾರೀಕು ಬರುವವರೆಗೆ ದಿನಕ್ಕೊಬ್ಬರು ಬಂದು ರೊಟ್ಟಿ ಪಲ್ಯ ಕೊಟ್ಟು, "ನೆನಪೈತಲ್ಲ?" ಎಂದು ಕೇಳಿ ಹೋಗುತ್ತಿದ್ದರು. ಇಷ್ಟು ಅಕ್ಕರೆಯನ್ನು ಓಣಿ ನನಗೆ ಎಂದೂ ತೋರಿಸಿರಲಿಲ್ಲ. ನಿಜ ಹೇಳಿದರೆ ಅಷ್ಟೂ ಮನೆಗಳ ಆಸೆ ಮಣ್ಣಾಗುತ್ತದೆ. ಅವರ ಮಾತು ಹೇಳಿದರೆ, ಒಂದು ಜೀವಕ್ಕೂ ಅಪಾಯ ಮಾಡದವನ ಹೆಸರಿಗೆ ಮಲ್ಲಪ್ಪಣ್ಣನ ಕೈ ಕಾಯಂ ಆಗಿ ಅಂಟಿಕೊಳ್ಳುತ್ತದೆ. ಸುಮ್ಮನಿರುವ ದಾರಿ ಈ ಸಲ ಇರಲಿಲ್ಲ.

ಹುನಗುಂದಕ್ಕೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋದೆವು. ಕಟಕಟೆಯಲ್ಲಿ ನಿಂತಾಗ ನಮ್ಮ ವಕೀಲರು ಕೇಳಿದರು. "ನಿಮ್ಮ ಅಣ್ಣ ಸಾಯುವ ಮುಂಚೆ ಈ ಕಟ್ಟಡದ ಬಗ್ಗೆ ನಿಮಗೆ ಏನು ಹೇಳಿದರು?"

"ಬಿದ್ದ ಮನಿ ಮಾತ ಬಿಡು ಅಂದನ್ರಿ."

ವಕೀಲರು ಮತ್ತೆ ಕೇಳಿದರು, ಕಣ್ಣು ದೊಡ್ಡದು ಮಾಡಿದರು. ನಾನು ಅದನ್ನೇ ಹೇಳಿದೆ. ಆಗ ಮೇಲೆ ಕುಳಿತ ಸಾಹೇಬರು ಕಾಗದದಿಂದ ತಲೆ ಎತ್ತಿ, ತಾವೇ ಕೇಳಿದರು. "ಹಾಗಾದರೆ ಕಟ್ಟಡ ಬೀಳುತ್ತದೆ ಅಂತ ಅವರಿಗೆ ಹೇಗಮ್ಮ ಗೊತ್ತಾಯಿತು?"

ಚಹಾದಂಗಡಿಯಲ್ಲಿ, ಗುಡಿಯ ಅಂಗಳದಲ್ಲಿ ಕೇಳಿ ಕೇಳಿ ನನ್ನ ಕಿವಿ ಸವೆದ ಪ್ರಶ್ನೆ. ನನ್ನನ್ನೇ ನೋಡಿ ಯಾರೂ ಎಂದೂ ಕೇಳಿರಲಿಲ್ಲ.

"ನನ್ನ ಮಗ್ಗದ ಕುಣ್ಯಾಗ ಇಳಿದು ಕೈ ಇಟ್ಟು ನೋಡಿದನ್ರಿ. ಗ್ವಾಡಿ ಬುಡಕ ರಾಡಿ ಆಗಿತ್ತು. ಬ್ಯಾಡ ಅಂದ್ರೂ ಕೇಳ್ದ ಅಲ್ಲಿ ಕುಣಿ ತೋಡ್ಸಿದಾಕಿ ನಾನ್ರಿ. ನೀರ ಹಾಕಿದಾಕಿನೂ ನಾನ್ರಿ. ನನ್ನ ಹೆಸರ ಬರ್ತೈತಂತ ಅಂವ ಹೇಳ್ಲಿಲ್ರಿ."

ಸಾವಕಾರರ ವಕೀಲರು ಖುಷಿಯಿಂದ ಎದ್ದರು. "ಅಂದರೆ ಕಟ್ಟಡ ಬಿದ್ದದ್ದು ನಿಮ್ಮ ಕುಣಿಯಿಂದ, ಅಲ್ಲವೇ?"

"ಅದು ನನಗ ಗೊತ್ತಿಲ್ರಿ. ಮ್ಯಾಲ ಸಾವಕಾರ್ರು ಕಲ್ಲಿನ ಹಲಗಿ ಒಟ್ಟಿದ್ರು, ಅದೂ ಖರೆ. ಯಾವುದಕ್ಕ ಬಿತ್ತು ನಾ ಹೇಳಾಕ ಬರೂದಿಲ್ಲ. ಅವಗ ಹೆಂಗ ಗೊತ್ತಾತು ಅನ್ನೂದಷ್ಟ ನನಗ ಗೊತ್ತು."

ದಾವೆ ಏನಾಗುತ್ತದೋ ನನಗೆ ಗೊತ್ತಿಲ್ಲ, ತಾರೀಕು ಮುಂದೆ ಹೋಗಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂಡಲಿಲ್ಲ. ಹೋಗುವಾಗ ಕೈಗಿತ್ತ ರೊಟ್ಟಿಯ ಗಂಟು ಮಡಿಲಲ್ಲಿ ಹಾಗೇ ಇತ್ತು. ಮುಂದಿನ ಸೀಟಿನಿಂದ ಶಂಕ್ರವ್ವಕ್ಕ ಒಮ್ಮೆ ತಿರುಗಿದಳು.

"ಇಷ್ಟ ವರ್ಷ ಅವನ್ನ ಬೈದ ಬಾಯಿ ಇದು. ಅಂವ ಸತ್ತ ಮ್ಯಾಲೆ ಹೇಳ್ತಿ. ನಾ ಈ ಬಾಯಿ ಎಲ್ಲಿ ತೊಳಕೊಳ್ಳಿ?"

ಅವಳು ಮತ್ತೆ ತಿರುಗಲಿಲ್ಲ.

ಇಳಕಲ್ಲಿನಲ್ಲಿ ಇಳಿದು ಎಲ್ಲರೂ ನನ್ನನ್ನು ಬಿಟ್ಟು ಮುಂದೆ ನಡೆದರು. ಮಲ್ಲಪ್ಪಣ್ಣ ಮಾತ್ರ ಬಸ್‌ಸ್ಟ್ಯಾಂಡಿನ ಕಂಬದ ಹತ್ತಿರ ನಿಂತುಕೊಂಡ. ನಾನು ಹತ್ತಿರ ಬಂದ ಮೇಲೂ ನನ್ನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತ ಕೇಳಿದ.

"ಅವನ್ನ ಎಲ್ಲಿ ಮಣ್ಣ ಮಾಡೀರಿ?"

"ನವನಗರದಾಗಣ್ಣಾ. ಊರ ಹೊರಗಿನ ಸ್ಮಶಾನದಾಗ."

"ಯಾವ ಬಸ್ಸಿಗೆ ಹೋಗಬೇಕು?"

"ಮುಂಜಾನೆ ಬಾಗಲಕೋಟಿ ಬಸ್ ಐತಿ. ನಾನೂ ಬರ್ತೇನಿ, ಜಾಗಾ ತೋರಸ್ತೇನಿ."

"ನೀ ಬರಬ್ಯಾಡ" ಅಂದ ಮಲ್ಲಪ್ಪಣ್ಣ. "ನಾ ಒಬ್ಬನ ಹೋಗ್ತೇನಿ."

ಎಲ್ಲಿ ಇಳಿಯಬೇಕು, ಯಾವ ಕಡೆ ತಿರುಗಬೇಕು ಎಂದು ಹೇಳಿದೆ. ಇನ್ನೂ ಕಲ್ಲು ನಿಲ್ಲಿಸಿಲ್ಲ, ಹೊಸ ಮಣ್ಣು ನೋಡಿ ಗುರುತು ಹಿಡಿಯಬೇಕು ಎಂದೂ ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ತಲೆಯಾಡಿಸಿ ಹೋದ.